ಕತ್ತರಿಸಿ ತೆಗೆದ ಹನ್ನೊಂದು ನಿಮಿಷ

ಒಂದು ಖಾಸಗಿ ಚಾನೆಲ್ಲಿಗೆ ನಾನು ಆರು ವರ್ಷ ಕೈತೋಟದ ಕಾರ್ಯಕ್ರಮ ಮಾಡಿಕೊಟ್ಟೆ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ; ಜಾಹೀರಾತು ಕಳೆದರೆ ಇಪ್ಪತ್ತೆರಡು ನಿಮಿಷ. ನನ್ನ ಕೈಗೆ ಬಂದಾಗ ಅದರ ಸ್ಥಿತಿ ಚೆನ್ನಾಗಿರಲಿಲ್ಲ. ನಿವೃತ್ತ ತಜ್ಞರೊಬ್ಬರು ಮೇಜಿನ ಹಿಂದೆ ಕೂತು, ಪಕ್ಕದಲ್ಲೊಂದು ಗುಲಾಬಿ ಕುಂಡ ಇಟ್ಟುಕೊಂಡು, ಲೀಟರ್ ನೀರಿಗೆ ಎಷ್ಟು ಔಷಧಿ ಬೆರೆಸಬೇಕು ಎಂದು ಹೇಳುತ್ತಿದ್ದರು. ಹೇಳುತ್ತಿದ್ದುದೆಲ್ಲ ಸರಿಯೇ. ಆದರೆ ಗಿಡ ಬೆಳೆಸುವವರು ಆ ಹೊತ್ತಿಗೆ ಗಿಡದ ಹತ್ತಿರ ಇರುತ್ತಿದ್ದರು. ಬೆಳೆಸದವರು ಚಾನೆಲ್ ಬದಲಾಯಿಸುತ್ತಿದ್ದರು.

ನನ್ನ ಪರೀಕ್ಷೆಗೆ ಸಿಕ್ಕವಳು ನಮ್ಮವ್ವ. ಚಾಮರಾಜನಗರದ ನಮ್ಮ ಮನೆಯಲ್ಲಿ ತುಳಸಿ ಬಿಟ್ಟರೆ ಇನ್ನೊಂದು ಗಿಡವಿರಲಿಲ್ಲ. ಅವ್ವನಿಗೆ ಬೇಕಿದ್ದದ್ದು ಧಾರಾವಾಹಿ. ಎಡಿಟ್ ಮುಗಿದ ಕಂತನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಅವಳ ಮುಂದಿಟ್ಟು, ನಾನು ಅವಳ ಮುಖವನ್ನೇ ನೋಡುತ್ತ ಕೂರುತ್ತಿದ್ದೆ. ತಜ್ಞರು ಬಾಯಿ ತೆರೆದ ಕೂಡಲೇ ಅವಳು, “ಸಾರ್ಗೆ ಒಗ್ಗರಣೆ ಆಕ್ಬುಟ್ಟು ಬತ್ತೀನಿ ಇರಮ್ಮಿ” ಎಂದು ಏಳುತ್ತಿದ್ದಳು. ಅವ್ವ ಎದ್ದು ಹೋದ ಜಾಗವನ್ನು ಗುರುತು ಹಾಕಿಕೊಂಡು, ಮರುದಿನ ಆ ಭಾಗವನ್ನು ಕತ್ತರಿಸುತ್ತಿದ್ದೆ. ಹಾಗೆ ಕತ್ತರಿಸುತ್ತ ಕತ್ತರಿಸುತ್ತ ನನಗೊಂದು ನಿಯಮ ಸಿಕ್ಕಿತು: ಯಾವ ಸೂಚನೆಯೂ ನಲವತ್ತು ಸೆಕೆಂಡು ಮೀರಬಾರದು, ಗಿಡದ ಹಿಂದೆ ಒಂದು ಮನುಷ್ಯನ ಮುಖ ಇರಲೇಬೇಕು. ಮೈಸೂರಿನ ಆಫೀಸಿನಲ್ಲಿ ನಮ್ಮ ಮುಖ್ಯಸ್ಥರು ಅದನ್ನು ಕೇಳಿ ತಲೆದೂಗಿದರು. “ಕರೆಕ್ಟ್. ಗಿಡ ನೋಡೋಕೆ ಯಾರೂ ಟಿವಿ ಹಾಕಲ್ಲ. ಜನರನ್ನ ತನ್ನಿ” ಎಂದರು.

ಜನರನ್ನು ಹುಡುಕಿಕೊಂಡು ನಾನು ಮೊದಲು ಹೋದದ್ದು ಗುಂಡ್ಲುಪೇಟೆಗೆ. ಸೂರ್ಯಕಾಂತಿ, ಚೆಂಡುಹೂವಿನ ಕಾಲ. ರಸ್ತೆಯ ಎರಡೂ ಕಡೆ ಕೇರಳದ ಕಾರುಗಳು ನಿಂತಿದ್ದವು. ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವವರ ಗದ್ದಲದಲ್ಲಿ ಹೊಲದವರ ಮಾತೇ ಕೇಳಿಸಲಿಲ್ಲ. ಚಿತ್ರೀಕರಣ ಮುಗಿಸಿ ಕ್ಯಾಮೆರಾಮನ್ ಕಾರಿನಲ್ಲಿ ಮೈಸೂರಿಗೆ ಹೋದ. ನಾನು ಅವ್ವನ ಮನೆಗೆಂದು ಚಾಮರಾಜನಗರದ ಬಸ್ಸು ಹತ್ತಿದೆ.

ಕಂಡಕ್ಟರಿಗೆ ಐವತ್ತೈದರ ಆಸುಪಾಸು. ಅವರ ಸೀಟಿನ ಪಕ್ಕ, ಅರ್ಧಕ್ಕೆ ಕತ್ತರಿಸಿದ ನೀರಿನ ಬಾಟಲಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ನಾಲ್ಕೈದು ಕಡ್ಡಿಗಳಿದ್ದವು. ಬಸ್ಸು ಗುಂಡಿಯಲ್ಲಿ ಎಗರಿದಾಗಲೆಲ್ಲ ಅವರು ದುಡ್ಡಿನ ಚೀಲ ಬಿಟ್ಟು ಬಾಟಲಿ ಹಿಡಿದುಕೊಳ್ಳುತ್ತಿದ್ದರು. ಹಿಂದಿನಿಂದ ಯಾರೋ, “ಕಂಡಕ್ಟ್ರೆ, ನಿಮ್ ಗಿಡುಕ್ ಟಿಕೀಟ್ ಅರ್ದುದ್ರಾ?” ಎಂದು ಕೂಗಿದರು. ಇಡೀ ಬಸ್ಸು ನಕ್ಕಿತು. ಅವರೂ ನಕ್ಕರು.

ಏನು ಗಿಡ ಎಂದು ನಾನು ಕೇಳಿದೆ.

“ಗೊತ್ತಿಲ್ಲ ಮೇಡಮ್ಮೋರೆ. ಬತ್ತೇರಿನಲ್ಲಿ ಒಂದು ಹೋಟ್ಲು ಮುಂದ್ಗಡೆ ಇತ್ತು, ಕೇಳಿ ಮುರ್ಕೊಂಡ್ ಬಂದಿ. ನಮ್ಮನೆವ್ರುಗ ಗೊತ್ತಾಯ್ತದ. ತರದು ನನ್ ಕೆಲ್ಸ, ನೆಡದು ಅವ್ರ್ ಕೆಲ್ಸ.”

ಊಟಿ, ಸುಲ್ತಾನ್ ಬತ್ತೇರಿ, ಸತ್ಯಮಂಗಲ—ಮೂವತ್ತು ವರ್ಷದಲ್ಲಿ ಯಾವ ಯಾವ ಮಾರ್ಗದಲ್ಲಿ ಡ್ಯೂಟಿ ಬಿದ್ದಿತೋ ಆ ಮಾರ್ಗದ ಕಡ್ಡಿಗಳೆಲ್ಲ ಹರವೆ ಎಂಬ ಊರಿನ ಅವರ ಹಿತ್ತಲು ಸೇರಿದ್ದವು. ಮುಂದಿನ ವಾರ ಕ್ಯಾಮೆರಾ ತೆಗೆದುಕೊಂಡು ಅಲ್ಲಿಗೆ ಹೋದೆವು.

ಅಷ್ಟು ದೊಡ್ಡ ಹಿತ್ತಲೇನಲ್ಲ. ಬಣ್ಣದ ಬಕೆಟ್ಟು, ಎಣ್ಣೆ ಡಬ್ಬ, ತೂತು ಬಿದ್ದ ಹಂಡೆ, ಎಲ್ಲದರಲ್ಲೂ ಒಂದೊಂದು ಗಿಡ. ನಡುವೆ ಮನೆಗಿಂತ ಎತ್ತರಕ್ಕೆ ಬೆಳೆದ ಕೆಂಡಸಂಪಿಗೆ ಮರ. ಅಕ್ಕ—ನಾನು ಅವರನ್ನು ಮೊದಲ ದಿನದಿಂದಲೂ ಹಾಗೇ ಕರೆದೆ—ಸೀರೆ ಎತ್ತಿ ಕಟ್ಟಿ, ಗಂಡ ತಂದ ಕಡ್ಡಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

“ಇದ್ನೂ ತಂದ್ರಾ? ಓದ್ವರ್ಸ ಇದ್ನೇ ತಂದಿದ್ರಲ್ಲ, ಎಲ್ಲಿ ಇಡ್ಲಿ ಈಗ? ನಿಮ್ ತಲೆ ಮ್ಯಾಲೆ ಇಡ್ಲಾ?”

“ಅದು ಬೇರೆ ಕಣ. ಇದು ಬೇರೆ ಬಣ್ಣ.”

“ಹೂವ ಬುಡೋತನಕ ಎಲ್ಲಾ ಬೇರೆ ಬಣ್ಣನೇಯ!”

ಕ್ಯಾಮೆರಾ ಓಡುತ್ತಿತ್ತು. ಅವರಿಬ್ಬರಿಗೂ ಅದು ನೆನಪಿರಲಿಲ್ಲ. ಆ ಕಂತನ್ನು ಅವ್ವ ಮೊದಲಿಂದ ಕೊನೆಯವರೆಗೆ ಕೂತಲ್ಲೇ ಕೂತು ನೋಡಿದಳು. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

ಆಮೇಲೆ ಸುಮಾರು ಎರಡು ವರ್ಷ ನಮ್ಮ ಕಾರ್ಯಕ್ರಮ ನಿಂತದ್ದು ಅವರಿಬ್ಬರ ಮೇಲೆ. ಪ್ರತಿ ಭಾನುವಾರ ಆರೇಳು ನಿಮಿಷ ಅವರ ಹಿತ್ತಲು. ಕಂಡಕ್ಟರು ಹೊಸದೇನೋ ತರುತ್ತಾರೆ, ಅಕ್ಕ ಬೈಯುತ್ತಾರೆ, ಬೈಯುತ್ತಲೇ ಅದನ್ನು ನೆಟ್ಟು ತೋರಿಸುತ್ತಾರೆ. ಒಂದು ಗಿಡವನ್ನೂ ಬೆಳೆಸದ ಜನ ಫ್ಲಾಟುಗಳಲ್ಲಿ ಕೂತು ಅವರನ್ನು ನೋಡಿದರು. ತಜ್ಞರಿಗೆ ಬರುತ್ತಿದ್ದ ಪತ್ರಗಳಲ್ಲಿ ಎಲೆಚುಕ್ಕಿ ರೋಗದ ಪ್ರಶ್ನೆ ಇರುತ್ತಿತ್ತು, ಈಗ ಜನ, “ಅಕ್ಕ ಇವತ್ತು ಯಾಕೆ ಸಪ್ಪಗಿದ್ದರು?” ಎಂದು ಕೇಳತೊಡಗಿದರು. ಆಫೀಸಿನಲ್ಲಿ ನನಗೆ ಚಪ್ಪಾಳೆ ತಟ್ಟಿದರು. ನಾನು ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ.

ಅಕ್ಕನಿಗೆ ಮಾತ್ರ ಒಂದು ತಕರಾರಿತ್ತು. “ಅಲ್ಲ ಕಣವ್ವ, ನಾನು ಅಷ್ಟೊತ್ತು ಗೊಬ್ರ ಬೆರ್ಸದು ಯೋಳ್ಕೊಟ್ಟಿ. ಟಿವಿಲಿ ನಾನು ಬೈಯದೊಂದೇ ಬಂತಲ್ಲ? ಊರೋರೆಲ್ಲ ನನ್ನ ಬಜಾರಿ ಅಂದ್ಕಂಡವ್ರೆ.”

“ಜನಕ್ಕೆ ಅದೇ ಇಷ್ಟ ಅಕ್ಕ.”

“ಅವ್ರ್ ಗಿಡ ಎಂಗ್ ಬಂದಾವು ಮತ್ತೆ?” ಎಂದರು. ನಾನು ನಕ್ಕೆ. ಅವರು ನಗಲಿಲ್ಲ ಎಂಬುದು ಈಗ ನೆನಪಿಗೆ ಬರುತ್ತದೆ.

ಎರಡನೆಯ ಬೇಸಿಗೆಯಲ್ಲಿ ಅಕ್ಕನ ಕಾಲು ಊದಿಕೊಂಡಿತು. ಬಿಸಿಲಿಗೆ ಇರಬೇಕೆಂದುಕೊಂಡರು. ಆಮೇಲೆ ಮುಖ ಊದಿತು, ಊಟ ಸೇರದಾಯಿತು. ಪರೀಕ್ಷೆ ಮಾಡಿಸಿದಾಗ ಎರಡೂ ಕಿಡ್ನಿ ಹೋಗಿವೆ ಎಂದು ಗೊತ್ತಾಯಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಚಾಮರಾಜನಗರಕ್ಕೆ ಬರತೊಡಗಿದರು. ಎಡಗೈಯಲ್ಲಿ ಸೂಜಿ ಹಾಕಲು ದಾರಿ ಮಾಡಿದ್ದರು. ಆ ಕೈಯಲ್ಲಿ ಭಾರ ಎತ್ತುವ ಹಾಗಿರಲಿಲ್ಲ. ಆಸ್ಪತ್ರೆ ನಮ್ಮ ಮನೆಗೆ ಹತ್ತಿರ. ಒಂದೆರಡು ಸಲ ನಾನೂ ಅವ್ವನೂ ಹೋಗಿ ಕೂತು ಬಂದೆವು. ಅವ್ವ ಟಿವಿಯಲ್ಲಿ ನೋಡಿದವರನ್ನು ಮೊದಲ ಸಲ ಎದುರಿಗೆ ನೋಡಿದ್ದು ಅಲ್ಲೇ. ಅಕ್ಕನ ಕಾಲಿನ ಮೇಲಿನ ಹೊದಿಕೆಯನ್ನು ಮತ್ತೆ ಮತ್ತೆ ಸರಿಮಾಡಿದಳು.

ದಿನಕ್ಕೆ ಮುಕ್ಕಾಲು ಲೀಟರ್‌ಗಿಂತ ಹೆಚ್ಚು ನೀರು ಕುಡಿಯಬಾರದು ಎಂದು ಡಾಕ್ಟರು ಹೇಳಿದ್ದರು. ಸಾರು, ಕಾಫಿ, ಮಜ್ಜಿಗೆ ಎಲ್ಲ ಅದರಲ್ಲೇ. ಅಕ್ಕ ಒಂದು ಸಣ್ಣ ಚೊಂಬನ್ನು ಅಳತೆಗೆ ಇಟ್ಟುಕೊಂಡಿದ್ದರು. ಬಾಯಾರಿಕೆ ತಡೆಯಲಾಗದಿದ್ದಾಗ ನೀರು ಬಾಯಿಗೆ ಹಾಕಿ ಮುಕ್ಕಳಿಸಿ, ಸಂಪಿಗೆಯ ಬುಡಕ್ಕೆ ಉಗಿಯುತ್ತಿದ್ದರು.

ಅದನ್ನು ನಾನು ಕಣ್ಣಾರೆ ನೋಡಿದೆ. ನೋಡಿದ್ದನ್ನು ಆಫೀಸಿನಲ್ಲಿ ಹೇಳಿದೆ. ಯಾಕೆ ಹೇಳಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸಂಕಟಕ್ಕೆ ಹೇಳಿದೆ ಎಂದು ಅಂದುಕೊಳ್ಳಲು ಇಷ್ಟ. ಆದರೆ ಹೇಳುವಾಗಲೇ ಅದು ಒಳ್ಳೆಯ ದೃಶ್ಯ ಎಂದು ನನಗೆ ಗೊತ್ತಿತ್ತು.

ಮುಖ್ಯಸ್ಥರು, “ಗಿಡಕ್ಕೆ ನೀರು ಹಾಕೋ ಹೆಂಗಸು ತಾನು ನೀರು ಕುಡಿಯೋ ಹಾಗಿಲ್ಲ. ಇದು ಎಲ್ಲರ ಮನಸ್ಸಿಗೂ ತಟ್ಟುತ್ತೆ. ಅವರು ಒಪ್ಪಿದ್ರೆ ಮಾತ್ರ ಮಾಡಿ” ಎಂದರು.

ಫೋನಿನಲ್ಲಿ ಕೇಳಿದೆ. ಅಕ್ಕ ತಕ್ಷಣ ಒಪ್ಪಿದರು. ಅವರಿಗೆ ಅವರದೇ ಕಾರಣವಿತ್ತು.

“ಬನ್ನಿ ಕಣವ್ವ. ನಾನೂ ಒಂದು ತೋರುಸ್ಬೇಕು ಅಂತಿದ್ದಿ. ಈ ಸಂಪ್ಗೆ ನಮ್ಮವ್ವ ಕುದೇರ್ನಲ್ಲಿ ಗೂಟಿ ಕಟ್ಟಿ ಕೊಟ್ಟುದ್ದು. ಅದ ಕಟ್ಟದ್ನ ತೋರುಸ್ಬುಡ್ತೀನಿ. ಯಾರಾರ ಕಲ್ತ್ಕಳ್ಳಿ.”

ಗೂಟಿ ಎಂದರೆ ಮರದ ಮೇಲಿರುವ ಕೊಂಬೆಗೇ ಬೇರು ಬರಿಸುವುದು. ತೊಗಟೆಯನ್ನು ಉಂಗುರದಂತೆ ತೆಗೆದು, ಅಲ್ಲಿ ಒದ್ದೆ ಗೊಬ್ಬರ ಕಟ್ಟಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಬಿಟ್ಟರೆ ಎರಡು ಮೂರು ತಿಂಗಳಲ್ಲಿ ಒಳಗೆ ಬೇರು ಬಿಡುತ್ತದೆ. ಆಗ ಕೊಂಬೆಯನ್ನು ಕತ್ತರಿಸಿ ನೆಡಬಹುದು. ಇಷ್ಟು ನನಗೆ ಗೊತ್ತು. ಯಾವ ಪುಸ್ತಕದಲ್ಲಾದರೂ ಇರುವಷ್ಟು.

ಆ ದಿನ ಅಣ್ಣನಿಗೆ, ಅಂದರೆ ಕಂಡಕ್ಟರಿಗೆ, ಊಟಿ ಡ್ಯೂಟಿ. ಅವರು ಮನೆಯಲ್ಲಿರಲಿಲ್ಲ. ಅಕ್ಕ ಸಂಪಿಗೆಯ ಕೆಳಗಿನ ಕೊಂಬೆಯ ಪಕ್ಕ ಮಣೆ ಹಾಕಿಸಿಕೊಂಡು ಕೂತರು. ಎಡಗೈಯನ್ನು ಬರೀ ಆಧಾರಕ್ಕೆ ಕೊಟ್ಟು, ಬಲಗೈಯಲ್ಲೇ ಐದು ಗೂಟಿ ಕಟ್ಟಿದರು. ಕೊನೆಯ ಗಂಟುಗಳನ್ನು ಹಲ್ಲಿನಿಂದ ಎಳೆದರು. ನಡುನಡುವೆ ಸುಧಾರಿಸಿಕೊಳ್ಳುತ್ತ, ಒಂದೊಂದನ್ನೂ ಬಿಡಿಸಿ ಹೇಳಿದರು. ಚಿತ್ರೀಕರಿಸಿದ್ದು ಹನ್ನೊಂದು ನಿಮಿಷ. ಅಷ್ಟು ಹೊತ್ತು ಅವರು ಯಾರನ್ನೂ ಬೈಯಲಿಲ್ಲ.

ನಾನು ಚಿಕ್ಕ ಪರದೆಯಲ್ಲಿ ಅವರ ಮುಖ ನೋಡುತ್ತಿದ್ದೆ. ಬೆಳಕು ಕಣ್ಣಿನ ಕೆಳಗೆ ಬೀಳುತ್ತಿದೆಯೇ, ರಸ್ತೆಯ ಟ್ರ್ಯಾಕ್ಟರ್ ಸದ್ದು ಸೇರಿಕೊಳ್ಳುತ್ತಿದೆಯೇ ಎಂಬುದೇ ನನ್ನ ಚಿಂತೆ. ಅವರು ಒಂದು ಕಡೆ ಕೈ ನಿಲ್ಲಿಸಿ, ನೇರವಾಗಿ ನನ್ನನ್ನು ನೋಡಿ, “ಇದು ಮುಖ್ಯ ಕಣವ್ವ. ಬೇರ್ ಬಂದ್ಮೇಲೆ ಎಲ್ಲಾರೂ ಇಲ್ಲೇ ಕೆಡ್ಸದು. ಇದ್ನ ಬುಟ್ಬುಡ್ಬೇಡಿ” ಎಂದರು. ಆ ಮಾತು ಚೆನ್ನಾಗಿ ನೆನಪಿದೆ. ಅದಾದ ಮೇಲೆ ಏನು ಹೇಳಿದರು ಎಂಬುದು ನೆನಪಿಲ್ಲ.

ಎಡಿಟಿಂಗ್ ಮಾಡಿದ್ದು ಮರುವಾರದ ಒಂದು ಮಧ್ಯಾಹ್ನ. ಚೊಂಬು, ಮುಕ್ಕಳಿಸಿ ಉಗಿದ ನೀರು, ಬಕೆಟ್ಟಿನಿಂದ ಗಿಡಕ್ಕೆ ಸುರಿಯುವ ನೀರು. “ನೀರು ಕಂಡ್ರೆ ಆಸೆ ಆಯ್ತದ ಕಣವ್ವ” ಎಂದು ಅಕ್ಕ ಒಮ್ಮೆ ನಕ್ಕದ್ದು, ನಗುತ್ತಲೇ ಕಣ್ಣು ತುಂಬಿದ್ದು. ಎಲ್ಲ ಸೇರಿ ಒಂಬತ್ತು ನಿಮಿಷವಾಯಿತು. ಗೂಟಿಯ ಹನ್ನೊಂದು ನಿಮಿಷಕ್ಕೆ ಜಾಗವಿರಲಿಲ್ಲ. ನಾಲ್ಕು ನಿಮಿಷಕ್ಕೆ ಇಳಿಸಿ ನೋಡಿದೆ, ಕಂತು ಅಲ್ಲಿ ಕುಸಿಯುತ್ತಿತ್ತು. ಎರಡಕ್ಕೆ ಇಳಿಸಿದರೆ ಏನೂ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಅವರು ಪ್ಲಾಸ್ಟಿಕ್ ಸುತ್ತುವ ಕೈಯ ಆರು ಸೆಕೆಂಡು ಉಳಿಸಿಕೊಂಡು, ಅದರ ಮೇಲೆ ವೀಣೆ ಹಾಕಿದೆ.

ನನ್ನ ಕಾರ್ಯಕ್ರಮಗಳಲ್ಲೇ ಅತಿ ಹೆಚ್ಚು ಜನ ನೋಡಿದ್ದು ಆ ಕಂತನ್ನು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅತ್ತು, ಮೂಗು ಒರೆಸಿಕೊಂಡು, “ಅಲ್ಲ ಕಣಮ್ಮಿ, ಅವಳು ಆ ಕೊಂಬುಗ ಕವರ್ ಸುತ್ತಿದ್ಳಲ್ಲ, ಯಾಕದು?” ಎಂದು ಕೇಳಿದಳು.

ನಾನು ಹೇಳಿದೆ.

“ಅದ್ನ ತೋರುಸ್ನೇ ಇಲ್ವಲ್ಲ” ಎಂದಳು. ನನಗೆ ಸಿಟ್ಟು ಬಂತು. ತೋರಿಸಿದ್ದರೆ ನೀನೇ ಎದ್ದು ಹೋಗುತ್ತಿದ್ದೆ ಎಂದೆ. ಅವ್ವ ಸ್ವಲ್ಪ ಯೋಚಿಸಿ, “ಇದ್ಕ ಓಗ್ತಿರ್ನಿಲ್ಲ ಕಣ” ಎಂದಳು.

ಅಕ್ಕ ಆ ಕಂತಿನ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಫೋನು ಮಾಡಿದಾಗ, “ಚೆನ್ನಾಗಿತ್ತು ಬುಡವ್ವ, ಎಲ್ಲಾರೂ ಫೋನ್ ಮಾಡಿದ್ರು” ಎಂದರು. ಗೂಟಿಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇನ್ನೊಂದು ಕಂತಿನಲ್ಲಿ ಹಾಕೋಣವೆಂದು ಮನಸ್ಸಿನಲ್ಲಿತ್ತು. ಮನಸ್ಸಿನಲ್ಲೇ ಉಳಿಯಿತು. ಎರಡು ತಿಂಗಳು ತುಂಬುವ ಮೊದಲೇ, ಡಯಾಲಿಸಿಸ್ ಇಲ್ಲದ ಒಂದು ದಿನ ಬೆಳಿಗ್ಗೆ, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದವರು ಹಾಗೇ ಒರಗಿಕೊಂಡರಂತೆ. ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ನಂಜನಗೂಡಿಗೆ ಕೊಟ್ಟ ಮಗಳು ಬಕೆಟ್ಟುಗಳಿಗೆ ನೀರು ಹಾಕುತ್ತಿದ್ದಳು. ಸಂಪಿಗೆಯಲ್ಲಿ ಐದು ಗೂಟಿ ಹಾಗೇ ಇದ್ದವು.

ಒಂದು ತಿಂಗಳಾದ ಮೇಲೆ ಅಣ್ಣ ಫೋನು ಮಾಡಿದರು. ಅವರು ಹಾಗೆಲ್ಲ ಫೋನು ಮಾಡುವವರಲ್ಲ.

“ಮೇಡಮ್ಮೋರೆ, ಬೇರು ಬಂದವ ಕಣ್ರಿ. ಕವರ್ ಒಳ್ಗಿಂದ ಕಾಣ್ತವ. ಎಲ್ಡು ಕುಯ್ದು ನೆಟ್ಟಿ, ಒಣ್ಗೋದೊ. ಅವ್ಳು ಕುಯ್ಯಕ್ ಮುಂಚೆ ಏನೋ ಮಾಡ್ತಿದ್ಳು, ನಾನು ಯಾವತ್ತೂ ನಿಂತು ನೋಡ್ಲಿಲ್ಲ. ನೀವು ಅವತ್ತು ತೆಗ್ದಿದ್ರಲ್ಲ, ಅದ್ನ ವಸಿ ಕಳುಸ್ಕೊಡಿ. ನೋಡ್ಕಂಡು ಇನ್ ಮೂರ್ನಾರು ಉಳುಸ್ಕಳ್ತೀನಿ.”

ಕಳಿಸುತ್ತೇನೆ ಎಂದೆ.

ಆಫೀಸಿನಲ್ಲಿ ಚಿತ್ರೀಕರಿಸಿದ್ದನ್ನು ಒಂದು ತಿಂಗಳು ಇಟ್ಟುಕೊಳ್ಳುತ್ತಿದ್ದರು. ಉಳಿಸಬೇಕಾದರೆ ನಾವು ಬರೆದುಕೊಡಬೇಕು. ಇಲ್ಲದಿದ್ದರೆ ಅಳಿಸಿ, ಅದೇ ಕಾರ್ಡುಗಳನ್ನು ಮತ್ತೆ ಬಳಸುತ್ತಿದ್ದರು. ನಾನು ಬರೆದುಕೊಟ್ಟಿರಲಿಲ್ಲ. ಹೋಗಿ ಹುಡುಕಿದೆ. ಕ್ಯಾಮೆರಾಮನ್ ತನ್ನ ಮನೆಯ ಹಳೆಯ ಡಿಸ್ಕುಗಳನ್ನೆಲ್ಲ ತೆಗೆದು ನೋಡಿದ. ಸಿಕ್ಕಿದ್ದು ಪ್ರಸಾರವಾದ ಕಂತು ಮಾತ್ರ. ಅದರಲ್ಲಿ ಆರು ಸೆಕೆಂಡು, ಅಕ್ಕನ ಮಾತಿಲ್ಲ, ವೀಣೆ.

ಅಣ್ಣನಿಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಎರಡನೆಯ ಸಲ ಫೋನು ಬಂದಾಗ, “ಹುಡುಕಿಸ್ತಾ ಇದ್ದೀನಿ ಅಣ್ಣ” ಎಂದೆ. ಮೂರನೆಯ ಸಲ ನಾನು ಫೋನು ಎತ್ತಲಿಲ್ಲ. ಅಷ್ಟರಲ್ಲಿ ನಮ್ಮ ಹಳೆಯ ತಜ್ಞರನ್ನು, ನಾನು ಮೇಜಿನಿಂದ ಎಬ್ಬಿಸಿದ್ದ ಅದೇ ಹಿರಿಯರನ್ನು, ಹುಡುಕಿಕೊಂಡು ಹೋದೆ. ಅವರು ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಗೂಟಿಯನ್ನು ಇಳಿಸುವುದು, ಅಂದರೆ ಬೇರು ಬಂದ ಕೊಂಬೆಯನ್ನು ಮರದಿಂದ ಬಿಡಿಸಿ ನೆಡುವುದು, ಹೇಗೆಂದು ಅರ್ಧ ಗಂಟೆ ವಿವರಿಸಿದರು. ಎಲ್ಲವನ್ನೂ ಬರೆದುಕೊಂಡೆ. ಐದು ವರ್ಷ ಕೈತೋಟದ ಕಾರ್ಯಕ್ರಮ ಮಾಡಿದವಳು ಒಂದು ಗಿಡದ ಬಗ್ಗೆ ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು.

ಆ ಕಾಗದ ಹಿಡಿದುಕೊಂಡು ಹರವೆಗೆ ಹೋದೆ. ಹಿತ್ತಲು ಸೊರಗಿತ್ತು. ನೀರಿಲ್ಲದೆ ಅಲ್ಲ, ಅಣ್ಣ ನೀರು ಹಾಕುತ್ತಿದ್ದರು, ಎಲ್ಲಕ್ಕೂ ಒಂದೇ ಅಳತೆಯಲ್ಲಿ. ಕೆಲವು ಕೊಳೆತಿದ್ದವು. ಅವರು ಕುರ್ಚಿ ಹಾಕಿ ಕೂರಿಸಿ, ಕಾಫಿ ಮಾಡಿಕೊಂಡು ಬಂದರು.

“ತಂದ್ರಾ?” ಎಂದರು.

ಕಾಗದ ಮುಂದೆ ಹಿಡಿದೆ. “ಅಣ್ಣ, ಇದರಲ್ಲಿ ಎಲ್ಲ ಬರೆದಿದ್ದೀನಿ. ದೊಡ್ಡ ತಜ್ಞರನ್ನ ಕೇಳಿ ಬರ್ಕೊಂಡದ್ದು.”

ಅವರು ಅದನ್ನು ತೆಗೆದುಕೊಂಡು ಓದಿದರು. ಟಿಕೆಟ್ಟು ನೋಡುವವರ ಹಾಗೆ ಹಿಂದೆ ಮುಂದೆ ತಿರುಗಿಸಿದರು. “ಇದು ಸರಿ. ಅವ್ಳು ಯೋಳಿದ್ದು?”

“ಅದು ಇಲ್ಲ ಅಣ್ಣ. ಅಳಿಸಿಹೋಯ್ತು. ಅಳಿಸಿ ಐದು ತಿಂಗಳಾಯ್ತು. ನೀವು ಫೋನ್ ಮಾಡಿದ ವಾರವೇ ನನಗೆ ಗೊತ್ತಾಗಿತ್ತು. ಹೇಳೋಕೆ ಧೈರ್ಯ ಬರಲಿಲ್ಲ.”

ಬೈಯಲಿ ಎಂದು ಕಾದೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

“ಅವ್ಳ ಮಾತು ಒಂದ್ಸಲ ಪೂರ್ತಿ ಕೇಳ್ಮ ಅಂತಿದ್ದಿ” ಎಂದರು. “ಬೈಯದು ಬುಟ್ಟು. ಬೈಯದು ಫೋನ್ನಲ್ಲಿ ಬೇಕಾದಷ್ಟು ಅದ.”

ನಾನು ಕಣ್ಣು ಒರೆಸಿಕೊಂಡೆ.

“ನೀವ್ಯಾಕ್ ಅತ್ತೀರಿ, ಬುಡಿ. ಅವತ್ತು ನಾನೇ ಡ್ಯೂಟಿ ಬದ್ಲಾಯ್ಸ್ಕೊಂಡು ಮನೇಲಿ ಇರ್ಬೋದಿತ್ತು. ಕೇಳಿದ್ರೆ ಕೊಡೋರು. ನಾನು ಕೇಳ್ನಿಲ್ಲ. ಗಿಡದ್ ವಿಷ್ಯ ತಾನೆ, ನಾಳೆ ಕೇಳ್ಕಂಡ್ರಾಯ್ತು ಅಂದ್ಕಂಡಿ.”

ಆ ಮಧ್ಯಾಹ್ನ ಇಬ್ಬರೂ ಸೇರಿ, ಕಾಗದದಲ್ಲಿದ್ದ ಹಾಗೇ, ಉಳಿದ ಮೂರು ಗೂಟಿಗಳನ್ನು ಇಳಿಸಿ ನೆಟ್ಟೆವು. ಅವರು ಕುಯ್ದರು, ನಾನು ಹಿಡಿದುಕೊಂಡೆ. ಎರಡು ವಾರದೊಳಗೆ ಎರಡು ಒಣಗಿದವು. ಮೂರನೆಯದು ಎರಡೆಲೆ ಚಿಗುರಿತು ಎಂದು ಫೋನು ಮಾಡಿದರು. ಆಷಾಢದ ಗಾಳಿಗೆ ಅದೂ ಹೋಯಿತು.

ಮುಖ್ಯಸ್ಥರು ಅಕ್ಕನ ಬಗ್ಗೆ ಒಂದು ನೆನಪಿನ ಕಂತು ಮಾಡಿ, ಗಂಡನ ಹತ್ತಿರ ಮಾತಾಡಿಸಿ ಎಂದರು. ನಾನು ಆಗುವುದಿಲ್ಲ ಎಂದೆ. ಬೇರೆ ಯಾರನ್ನಾದರೂ ಕಳಿಸುತ್ತಾರೇನೋ ಎಂದು ಹೆದರಿ, ಅಣ್ಣನಿಗೆ ಮೊದಲೇ ಹೇಳಿಟ್ಟೆ. ಯಾರೂ ಹೋಗಲಿಲ್ಲ. ಅಕ್ಕನಿಲ್ಲದೆ ನೋಡುವವರು ಕಡಿಮೆಯಾಗುತ್ತ ಬಂದರು. ಒಂದು ವರ್ಷದಲ್ಲಿ ಕಾರ್ಯಕ್ರಮ ನಿಂತು, ಆ ಹೊತ್ತಿಗೆ ಅಡುಗೆಯದು ಬಂತು. ನಾನು ಕೆಲಸ ಬಿಟ್ಟು ಚಾಮರಾಜನಗರಕ್ಕೆ ಬಂದೆ. ಈಗ ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡಿಕೊಡುತ್ತೇನೆ. ಜನ ಕೇಳಲಿ ಬಿಡಲಿ, ಚಿತ್ರೀಕರಿಸಿದ್ದನ್ನೆಲ್ಲ ಒಂದು ಡಿಸ್ಕಿಗೆ ಹಾಕಿ ಕೊಟ್ಟುಬಿಡುತ್ತೇನೆ. ಇಷ್ಟೊಂದು ಯಾಕೆ ಎಂದು ಕೆಲವರು ಗೊಣಗುತ್ತಾರೆ.

ಅಣ್ಣ ನಿವೃತ್ತರಾದರು. ಕಳೆದ ತಿಂಗಳು ಪೇಟೆಯಲ್ಲಿ ಸಿಕ್ಕಿದ್ದರು, ಕೈಯಲ್ಲಿ ತರಕಾರಿ ಚೀಲ. ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದೆ ಎಂದರು. ಅಲ್ಲೇನಾದರೂ ಹೊಸ ಗಿಡ ಕಂಡಿತೇ ಎಂದು ನಾನು ಬಾಯಿತಪ್ಪಿ ಕೇಳಿಬಿಟ್ಟೆ.

“ಕಾಣ್ತವ ಕಣ್ರಿ, ಬೇಕಾದಷ್ಟು ಕಾಣ್ತವ” ಎಂದರು. “ತಂದು ಯಾರ್ ಕೈಗೆ ಕೊಡ್ಲಿ?”

ಹರವೆಯ ಬಸ್ಸು ಬಂತು. ಹಿಂದಿನ ಬಾಗಿಲಿನಿಂದ ಹತ್ತಿ, ಕಿಟಕಿಯ ಪಕ್ಕ ಜಾಗ ಸಿಕ್ಕಿದ್ದಕ್ಕೆ ನನ್ನ ಕಡೆ ನೋಡಿ ತಲೆಯಾಡಿಸಿದರು.